ಬಿಸಿನೀರಿನಿಂದ ಎತ್ತಿದ ಕೈ

ರಾಮನಗರದ ಹನುಮಂತಯ್ಯನವರ ನೂಲು ಬಿಚ್ಚಾಣಿಕೆ ಮನೆಯಲ್ಲಿ ವೆಂಕಟಲಕ್ಷ್ಮಮ್ಮ ಮೂವತ್ತೆಂಟು ವರ್ಷದಿಂದ ಬಿಸಿನೀರಿಗೆ ಕೈಯಿಟ್ಟು ಕೂತವಳು. ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಎಷ್ಟು ಸವೆದಿತ್ತೆಂದರೆ, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವಳನ್ನು ಗುರುತಿಸುತ್ತಲೇ ಇರಲಿಲ್ಲ.

ಯಜಮಾನರ ಅಳಿಯ ಪುನೀತ್ ಆರು ವರ್ಷ ಲಂಡನ್ನಿನಲ್ಲಿದ್ದು ಬಂದು ಈಗ ಮೇಲ್ವಿಚಾರಣೆ ನೋಡುತ್ತಿದ್ದ. ಅವತ್ತು ಎಳೆ ತುಂಡಾದದ್ದು ಕಂಡು ಅವಳ ಬೆನ್ನ ಹಿಂದೆ ನಿಂತು, ನಗುತ್ತಲೇ, "ಏನ್ ರಾಸ್ಕಲ್, ನಿದ್ದೆನಾ?" ಎಂದ.

ವೆಂಕಟಲಕ್ಷ್ಮಮ್ಮ ಎರಡೂ ಕೈ ನೀರಿನಿಂದ ಎತ್ತಿ ಸೆರಗಿಗೆ ಒರೆಸಿಕೊಂಡಳು. ರಾಟೆ ತಿರುಗುತ್ತಲೇ ಇತ್ತು. ಎಳೆಗಳು ಒಂದೊಂದಾಗಿ ಕಿತ್ತುಹೋದವು.

"ಆ ಮಾತು ವಾಪಸ್ ತಗಳಿ, ಸ್ವಾಮಿ."

"ಅಯ್ಯೋ, ಅದು ಬೈಗುಳ ಅಲ್ಲಮ್ಮ! ಅಲ್ಲಿ ಮಕ್ಕಳನ್ನ ಮುದ್ದು ಮಾಡ್ತಾ ಹಾಗಂತಾರೆ. ನಿಮಗೆ ಇಂಗ್ಲಿಷ್ ಗೊತ್ತಿಲ್ಲ."

"ಇಂಗ್ಲೀಸು ಗೊತ್ತಿಲ್ಲ, ಆ ಮಾತು ಗೊತ್ತು. ನಮ್ಮ ತಾತ ಬಿಳೀ ದೊರೆ ಬಂಗ್ಲೇಲಿ ಕುದ್ರೆ ನೋಡ್ಕತಿದ್ದ. ಅವನ ಹೆಸ್ರು ಚಲುವಯ್ಯ ಅಂತ ಆ ದೊರೆಗೆ ಗೊತ್ತೇ ಇರ್ನಿಲ್ಲ. ರಾಸ್ಕಲ್ ಅಂತ್ಲೇ ಕರೀತಿದ್ದ, ಚಾಟಿ ಹಿಡ್ಕಂಡು. ನಮ್ಮಪ್ಪಂಗೆ ಮಿಲ್ಲಿನ ಮೇಸ್ತ್ರಿ ಅದೇ ಮಾತಂದ. ಟವಲ್ ಕೊಡವ್ಕಂಡು ಎದ್ದು ಬಂದ್ಬುಟ್ಟ. ಮೂರು ತಿಂಗ್ಳು ಮನೇಲಿ ಬರೀ ಅಂಬ್ಲಿ."

"ಅದು ಹಳೇ ಕಾಲ. ಈಗಿನವರು ಸುಮ್ನೆ ತಮಾಷೆಗೆ ಅಂತಾರೆ."

"ನನ್ನ ಮೊಮ್ಮಗ್ಳು ಸುಚಿತ್ರಾನೂ ಅಂತಾಳೆ, ಅವಳ ಸರೀಕ್ರಿಗೆ. ನೀವು ನನ್ನ ಸರೀಕ್ರಾ?"

ಪಕ್ಕದಲ್ಲಿ ಕೂತಿದ್ದ ಖುರ್ಷಿದಾ ಪಿಸುಗುಟ್ಟಿದಳು, "ಸುಮ್ನಿರಕ್ಕಾ, ಕೆಲ್ಸ ಹೋದೀತು."

"ಹೋಗ್ಲಿ ಬುಡು."

ಹೋದರೆ ಈ ವಯಸ್ಸಿಗೆ ಇನ್ನೊಂದು ಸಿಗದೆಂದು ಅವಳಿಗೆ ಗೊತ್ತಿತ್ತು. ಸುಚಿತ್ರಾಳ ಕಾಲೇಜು ಈ ನೀರಿನ ದುಡಿಮೆಯಲ್ಲೇ ನಡೆಯುತ್ತಿತ್ತು. ಆದರೂ ಕೈ ಇಳಿಸಲಿಲ್ಲ. ಖುರ್ಷಿದಾ ಒಂದು ಗಳಿಗೆ ನೋಡಿದಳು. ಆಮೇಲೆ ತಾನೂ ಕೈ ಎತ್ತಿದಳು. ಅವಳಾಚೆಯ ಸಾಲೂ ಎತ್ತಿತು.

ರಾಟೆಗಳು ಬರಿದೇ ತಿರುಗುವ ಸದ್ದು ಕೇಳಿ ಹನುಮಂತಯ್ಯನವರು ಬಾಗಿಲಿಗೆ ಬಂದರು. "ಯಾಕ್ರಮ್ಮ, ಎಲ್ರೂ ಕೈ ಎತ್ಕಂಡು ಕೂತಿದ್ದೀರಿ?"

ವೆಂಕಟಲಕ್ಷ್ಮಮ್ಮ ಪುನೀತನಿಂದ ಕಣ್ಣು ತೆಗೆಯಲಿಲ್ಲ. "ಮುದ್ದಿನ ಮಾತಲ್ವಾ ಸ್ವಾಮಿ? ನಿಮ್ಮ ಮಾವನೋರು ಬಂದವ್ರೆ. ಅವರ್ಗೂ ಒಂದ್ಸಲ ಅನ್ನಿ, ಕೇಳ್ತೀನಿ."

ಪುನೀತ್ ಮಾವನತ್ತ ನೋಡಿದ. ಕಿವಿ ಕೆಂಪಾದವು. ಖುರ್ಷಿದಾ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಳು.

"ತಪ್ಪಾಯ್ತು," ಎಂದ, ನೆಲ ನೋಡುತ್ತ.

"ಯಾರ್ಗೆ ಹೇಳಿದ್ದು?"

"ವೆಂಕಟಲಕ್ಷ್ಮಮ್ಮನವರೇ, ತಪ್ಪಾಯ್ತು."

ಅವಳು ಕೈ ನೀರಿಗಿಳಿಸಿ ಕಿತ್ತ ಎಳೆ ಹುಡುಕತೊಡಗಿದಳು.

"ಹೆಸ್ರು ಒಸಿ ಉದ್ದ ಐತೆ. ದಿನಾ ಪೂರ್ತಿ ಕರೀರಿ, ಬಾಯಿಗೆ ಕೂರ್ತದೆ."