ಐವತ್ತು ಮನೆಯ ಕರಿದ ಎಣ್ಣೆ

ಎಣ್ಣೆಯ ಮರ್ಮ ನಮ್ಮ ದೇಜಪ್ಪನಿಗೆ ಗೊತ್ತಿದ್ದಷ್ಟು ಇಡೀ ನ್ಯೂಜೆರ್ಸಿಯಲ್ಲಿ ಇನ್ನೊಬ್ಬನಿಗೆ ಗೊತ್ತಿರಲಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಕಾರ್ಕಳದ ಕಡೆಯವನು. ಹದಿನಾಲ್ಕಕ್ಕೇ ಮುಂಬಯಿಯ ಹೋಟೆಲಿನಲ್ಲಿ ಬಾಣಲೆಯ ಮುಂದೆ ನಿಂತವನು. ಆಮೇಲೆ ಹದಿನಾರು ವರ್ಷ ನ್ಯೂಅರ್ಕಿನಲ್ಲಿ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ದುಡಿದ. ಬ್ಯಾಂಕುಗಳು ಮುಳುಗಿದ 2008ರ ಚಳಿಗಾಲದಲ್ಲಿ ಆ ಅಡುಗೆಮನೆಗೂ ಬೀಗ ಬಿತ್ತು.

ಕೈಕಟ್ಟಿ ಕೂರುವ ಆಸಾಮಿಯಲ್ಲ. ಒಂದು ಹಳೇ ವ್ಯಾನು ಹಿಡಿದು ನಮ್ಮೂರು ಐಸೆಲಿನ್‌ನ ಹೋಟೆಲುಗಳ ಹಿತ್ತಿಲಿಗೆ ಹೋಗಿ ಕರಿದು ಬಿಟ್ಟ ಎಣ್ಣೆ ತುಂಬಿಕೊಂಡು ಬರತೊಡಗಿದ. ಅಷ್ಟರಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ಕಾಯಿದೆ ಆಯಿತು. ಅಂಥ ಎಣ್ಣೆಯಿಂದ ವಿಮಾನದ ಇಂಧನ ಮಾಡುವವರಿಗೆ ಸರ್ಕಾರದ ಬೆಂಬಲ. ಆದರೆ ಊರಿನ ಕೌನ್ಸಿಲು ಒಪ್ಪಿದ ಕಡೆ ಮಾತ್ರ. ದಿಲ್ಲಿಯ ಮಾತಿಗೆ ಗ್ರಾಮ ಪಂಚಾಯಿತಿಯೂ ಹೂಂ ಅನ್ನಬೇಕು ಅನ್ನುವ ಹಾಗೆ. ಇಂಧನದ ಕಾರ್ಖಾನೆಯವರು ದೇಜಪ್ಪನಿಗೆ ಮಾತು ಕೊಟ್ಟಿದ್ದರು: ನಿಮ್ಮ ಟೌನ್‌ಶಿಪ್ ಕೌನ್ಸಿಲು ಒಪ್ಪಿದರೆ ಇಲ್ಲಿಯ ಎಣ್ಣೆ ಕೂಡಿಸುವ ಕೆಲಸ ನಿನ್ನದೇ. ಒಪ್ಪದಿದ್ದರೆ ಎಣ್ಣೆ ಕೊಳ್ಳುವವರಿಲ್ಲ, ಅವನ ವ್ಯಾನೂ ನಿಲ್ಲಬೇಕು.

ಕೌನ್ಸಿಲಿನವರು ಒಂದು ಪರೀಕ್ಷೆ ಇಟ್ಟರು. ಹೋಟೆಲಿನವರು ಕೊಡುತ್ತಾರೆ, ಸರಿ. ಮನೆಯವರಿಗೆ ಇದು ಬೇಕೇ? ಒಂದು ಶನಿವಾರ ಸಂಜೆ ನಾಲ್ಕರೊಳಗೆ ಐವತ್ತು ಮನೆಗಳು ಬಳಸಿದ ಎಣ್ಣೆ ತಂದು ಕೊಟ್ಟರೆ ಸೋಮವಾರ ಮತಕ್ಕೆ ಹಾಕುತ್ತೇವೆ, ಇಲ್ಲವಾದರೆ ಇಲ್ಲ.

ದೇಜಪ್ಪ ನಮ್ಮ ಕನ್ನಡದವರೆಲ್ಲ ಹೋಗುವ ಕಿರಾಣಿ ಅಂಗಡಿಯ ಬಾಗಿಲಿಗೆ ದಪ್ಪಕ್ಷರದ ಕನ್ನಡ ಚೀಟಿ ಅಂಟಿಸಿದ: “ಈ ಶನಿವಾರ ಎಣ್ಣೆ ಕೊಡಿ. ನಿಮಗೂ ಒಳ್ಳೆಯದು, ಊರಿಗೂ ಒಳ್ಳೆಯದು.” ‘ಬಳಸಿದ’ ಅಂತ ಬರೆಯಲಿಲ್ಲ. ಹೊಸ ಎಣ್ಣೆ ಯಾರಾದರೂ ತರುತ್ತಾರೆಯೇ ಅನ್ನುವ ಧೈರ್ಯ!

ತಂದರು! ಮಾರ್ಚ್ ತಿಂಗಳ ಆ ಶನಿವಾರ ಬೆಳಿಗ್ಗೆ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕಾರುಗಳ ಸಾಲು ನೋಡಿ ದೇಜಪ್ಪ ಕುಣಿದೇಬಿಟ್ಟ. ಹತ್ತಿರ ಹೋದರೆ ಎಲ್ಲರ ಕೈಯಲ್ಲೂ ಸೀಲು ಒಡೆಯದ ಎಳ್ಳೆಣ್ಣೆ. ಒಬ್ಬರ ಬಾಟಲಿಗೆ ಕಪ್ಪು ಬಟ್ಟೆ ಸುತ್ತಿತ್ತು. ವಾರಕ್ಕೊಬ್ಬರ ಕೆಲಸ ಹೋಗುತ್ತಿದ್ದ ವರ್ಷ ಅದು. ಶನಿವಾರ ಎಣ್ಣೆ ಕೊಡಿ ಅಂದರೆ ಶನಿದೇವರಿಗಲ್ಲದೆ ಇನ್ಯಾರಿಗೆ?

“ದೇವರನ್ನ ಎಲ್ಲಿ ಕೂರಿಸಿದೀರಿ ಅಂಕಲ್?” ಅಂದಳು ಪ್ಲೇನ್ಸ್‌ಬರೋದಿಂದ ಇಲ್ಲಿಗೆ ಮನೆ ಬದಲಿಸಿದ್ದ ಪ್ರಣೀತಾ.

“ದೇವರಲ್ಲ ಮಾರಾಯ್ತಿ, ವಿಮಾನ! ವಿಮಾನಕ್ಕೆ ಬೇಕಾದ್ದು!”

“ವಿಮಾನಕ್ಕೂ ಶನಿಕಾಟ ಇದೆಯಾ?”

ಲೆಕ್ಕ ಬರೆಯಲು ಬಂದಿದ್ದ ಟೌನ್‌ಶಿಪ್ಪಿನ ಹೆಂಗಸು ಬಾಟಲಿಗಳನ್ನು ನೋಡಿ ತಲೆಯಾಡಿಸಿದಳು. ಬಳಸಿದ್ದಲ್ಲ, ಒಂದೂ ನಡೆಯುವುದಿಲ್ಲ. ಹನ್ನೊಂದು ಗಂಟೆಗೆ ಲೆಕ್ಕ ಸೊನ್ನೆ.

ಆಗ ಬಾಗಲಕೋಟೆಯ ಗುರುಸಿದ್ದಮ್ಮ ಮುಂದೆ ಬಂದಳು. “ಬಳಸಿದ್ದು ಬೇಕಲ್ಲೇನ್ರೀ? ಬಳಸೋಣಂತ! ಏ, ಎಲ್ಲಾರೂ ಮನಿಗ್ ಹೋಗ್ರಿ, ಮಿರ್ಚಿ ಕರದು ಎಣ್ಣಿ ತಗೊಂಡ್ ಬರ್ರಿ. ಬಜಿನೂ ತರ್ರಿ ಮತ್ತ!”

“ಹರಕೆ ಎಣ್ಣೇಲಿ ಬಜ್ಜಿನಾ? ನನ್ ಕೈಲಾಗಲ್ಲಮ್ಮ,” ಅಂದರು ಮಂಡ್ಯದ ಲಕ್ಷ್ಮಮ್ಮ. ಅಳಿಯನ ಕೆಲಸಕ್ಕಾಗಿ ಹೊತ್ತಿದ್ದ ಹರಕೆ. ಬಾಟಲಿ ಎದೆಗವಚಿಕೊಂಡು ಕಾರು ಹತ್ತಿದರು.

ಉಳಿದವರು ಓಡಿದರು. ಆ ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಹೊಗೆಯ ಅಲಾರಮ್ಮುಗಳು ಒಂದರ ಹಿಂದೊಂದು ಕಿರುಚಿದವು! ಎರಡು ಗಂಟೆಗೆ ಮೊದಲ ಪಾತ್ರೆ ಬಂತು, ಇನ್ನೂ ಬಿಸಿ. ಬಿಸಿ ಎಣ್ಣೆ ಪೀಪಾಯಿಗೆ ಹಾಕುವಂತಿಲ್ಲ ಅಂದಳು ಲೆಕ್ಕದ ಹೆಂಗಸು. ದೇಜಪ್ಪ ತಡಮಾಡಲಿಲ್ಲ. ಲಾಟಿನ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಸ್ನೋದಲ್ಲಿ ಕುಣಿ ತೋಡಿ, ಮುಚ್ಚಳ ಬಿಗಿದ ಪಾತ್ರೆಗಳನ್ನು ಊರಿಟ್ಟ. ನೋಡನೋಡುತ್ತ ಸ್ನೋಗುಡ್ಡೆಯ ತುಂಬ ಸ್ಟೀಲು ಡಬ್ಬಿ, ಕುಕ್ಕರು, ಒಂದು ಇಡ್ಲಿ ಪಾತ್ರೆ ಕೂಡ! ಆ ಹೆಂಗಸು ಒಂದು ಕೈಯಲ್ಲಿ ಬಜ್ಜಿ, ಇನ್ನೊಂದರಲ್ಲಿ ಪೆನ್ನು ಹಿಡಿದು ಗೀಟು ಎಳೆದಳು. ಇಪ್ಪತ್ತು. ಮೂವತ್ತೆಂಟು. ನಲವತ್ತೊಂಬತ್ತು.

ನಾಲ್ಕಕ್ಕೆ ಐದು ನಿಮಿಷ. ಇನ್ನೊಂದು ಮನೆ ಇಲ್ಲ. ದೇಜಪ್ಪ ರಸ್ತೆಗೇ ಹೋಗಿ ನಿಂತ.

ಲಕ್ಷ್ಮಮ್ಮನ ಕಾರು ಬಂತು. ಸೆರಗಿನ ಮರೆಯಲ್ಲಿ ಉಪ್ಪಿನಕಾಯಿ ಜಾಡಿ, ಒಳಗೆ ಡಾಂಬರಿನಂಥ ಎಣ್ಣೆ. “ಮೂರ್ ವಾರದಿಂದ ಇದ್ರಲ್ಲೇ ಕರೀತಿದೀನಿ ಕಣಪ್ಪ. ಚೆಲ್ಲಕ್ ಮನಸ್ ಬರಲ್ಲ. ಮಗಳಿಗ್ ಹೇಳ್ಬೇಡ, ಬೈತಾಳೆ.”

ಟೌನ್‌ಶಿಪ್ಪಿನ ಹೆಂಗಸು ಜಾಡಿಯನ್ನು ಬೆಳಕಿಗೆ ಹಿಡಿದು, ಇಡೀ ದಿನದಲ್ಲಿ ಸರಿಯಾದ ಎಣ್ಣೆ ಅಂದರೆ ಇದೊಂದೇ ಎಂದು ನಕ್ಕು ಐವತ್ತನೆಯ ಗೀಟು ಎಳೆದಳು.

ಸೋಮವಾರ ಕೌನ್ಸಿಲಿನ ಸಭೆಗೆ ನಾವೆಲ್ಲ ನುಗ್ಗಿದೆವು; ಕೂರಲು ಜಾಗವಿಲ್ಲ. ಏಳು ಜನ ಸದಸ್ಯರ ಹೆಸರು ಕೂಗಿದರು. ಮೊದಲನೆಯವರು “ನೋ” ಅಂದಾಗ ದೇಜಪ್ಪ ನನ್ನ ತೋಳು ಹಿಡಿದ ಹಿಡಿತಕ್ಕೆ ಮೂಳೆ ಲಟಕ್ಕೆಂದಿತು. ಎರಡನೆಯವರು “ಆಯ್” ಅಂದರು. ಮೂರನೆಯವರು “ಆಯ್.” ನಾಲ್ಕು, ಐದು, ಎರಡೂ “ಆಯ್.”

“ಈ ‘ಆಯ್’ ಅಂದ್ರೆ ಎಂತದು?” ಎಂದು ದೇಜಪ್ಪ ಪಿಸುಗುಟ್ಟಿದ.

“ಒಪ್ಪಿದೆ ಅಂತ. ಏಳರಲ್ಲಿ ನಾಲ್ಕಾಯಿತಲ್ಲೋ!”

“ಓ! ನಮ್ಮ ‘ಆಯ್ತು’ವೇ ಉಂಟಲ್ಲ ಮಾರಾಯ್ರೆ, ‘ತು’ ಮಾತ್ರ ನುಂಗಿದ್ದು!” ಎಂದು ಎದ್ದು ನಿಂತ. ಆರನೆಯವರು ಬಾಯಿ ತೆರೆಯುವ ಮೊದಲೇ ಇವನು “ಆಯ್ತು!” ಎಂದು ಕೂಗಿಬಿಟ್ಟ. ಹಿಂದಿನ ಸಾಲಿನಿಂದ ಗುರುಸಿದ್ದಮ್ಮ, ಪ್ರಣೀತಾ, ನಾವೆಲ್ಲ “ಆಯ್ತು!” ಅಂದೆವು. ಮೇಯರರು ಸುತ್ತಿಗೆ ಕುಟ್ಟುತ್ತಲೇ ಇದ್ದರು.