ಓರೆ ಕಟ್ಟೆ

ಮನೆ ಕಟ್ಟುವುದೂ ಒಂದು ತತ್ತ್ವ ಹೇಳಿದಂತೆಯೇ ಎಂದು ಕಾಲೇಜಿನಲ್ಲಿ ವರ್ಷವರ್ಷವೂ ಪಾಠ ಮಾಡುತ್ತೇನೆ. ತಿಕೋಟಾದ ಹಳೆಯ ಮನೆಗಳ ಮುಂದಿನ ಕಟ್ಟೆ ನನ್ನ ಮೆಚ್ಚಿನ ಉದಾಹರಣೆ. ಜಾಗ ಮನೆಯವರದು, ಕೂರುವ ಹಕ್ಕು ಹಾದಿಹೋಕರದು. 'ನನ್ನದು' ಎಂಬ ಗಂಟನ್ನು ಹಿರಿಯರು ಕಲ್ಲಿನಲ್ಲೇ ಸಡಿಲಿಸಿದ್ದಾರೆ ಎಂದಾಗ ಹುಡುಗರು ತಲೆದೂಗುತ್ತಾರೆ. ನಾನು ಇನ್ನಷ್ಟು ಉಬ್ಬುತ್ತೇನೆ.

ವಿಜಯಪುರದಲ್ಲಿ ನಾನೂ ಮನೆ ಕಟ್ಟಿಸಿದೆ, ಮುಂದೆ ಕಟ್ಟೆಯನ್ನೂ ಹಾಕಿಸಿದೆ. ಸ್ವಲ್ಪ ದಿನದಲ್ಲೇ ಅಲ್ಲಿ ಆಟೋದವರ ಹರಟೆ, ಗುಟ್ಕಾದ ಉಗುಳು. ತಲೆಕೆಟ್ಟು, ಮನೆ ಕಟ್ಟಿದ ಗೌಂಡಿಯನ್ನು ಮತ್ತೆ ಕರೆಸಿದೆ. ಯಾರೂ ಕೂರದಂತೆ ಮೇಲೆ ನುಣುಪು ಕಲ್ಲನ್ನು ಓರೆಯಾಗಿ ಹಾಕು ಎಂದೆ.

"ಬ್ಯಾಡ್ರಿ ಸರ, ಛಲೋ ಕಾಣೂದಿಲ್ಲ" ಎಂದ. ನಾನು ಕೇಳಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಬಬಲೇಶ್ವರದ ನನ್ನ ಅಕ್ಕ ಹೊಸ ಮನೆ ಕಟ್ಟಿಸುವವಳಿದ್ದಳು. ಅದೇ ಗೌಂಡಿಗೆ ಕೆಲಸ ಒಪ್ಪಿಸಿದ್ದಳು. ಅವನ ಕೈಕೆಲಸ ನೋಡೋಣವೆಂದು ಒಂದು ದಿನ ಹೇಳದೆ ಕೇಳದೆ ಬಂದಳು. ಮನೆಗೆ ಬೀಗ. ನಾನು ಗಾಂಧಿ ಚೌಕದಿಂದ ಸಾಮಾನು ಹಿಡಿದು ಬಂದಾಗ ಅವಳು ಎದುರುಮನೆಯ ಮೆಟ್ಟಿಲ ಮೇಲೆ ಮೊಣಕೈ ಒತ್ತಿಕೊಳ್ಳುತ್ತ ಕುಳಿತಿದ್ದಳು. ಪಕ್ಕದಲ್ಲಿ ಆ ಮನೆಯವರು ಕೊಟ್ಟ ಚಹಾ ಇತ್ತು.

"ನಿನ್ನ ಕಟ್ಟಿ ಮ್ಯಾಲ ಕುಂಡ್ರಾಕ ಹೋಗಿ ಜಾರಿ ಬಿದ್ನೋ ತಮ್ಮಾ. ಇಷ್ಟ ಓರೆ ಕಟ್ಟ್ಯಾನಲ್ಲ, ಅವಗ ನೆಟ್ಟಗ ಕಟ್ಟಾಕ ಬರೂದಿಲ್ಲೇನು?"

"ಹೂಂ ಅಕ್ಕಾ, ಅವಂದ ತಪ್ಪು" ಎಂದೆ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಆದರೂ ತಿದ್ದಲಿಲ್ಲ.

ಮುಂದಿನ ವಾರ ಗೌಂಡಿ ರಸ್ತೆಯಲ್ಲಿ ಎದುರಾದ. "ಅಕ್ಕಾರು ನನ್ನ ಬಿಟ್ಟು ಬ್ಯಾರೇದಾಂವಗ ಕೆಲಸ ಕೊಡಾಕತ್ತಾರಂತ್ರಿ. ನೀವರ ಒಂದ್ ಮಾತು ಹೇಳ್ರಿ ಸರ" ಎಂದ. ತನ್ನ ಕೆಲಸ ಕೆಡಿಸಿದವನನ್ನೇ ಬೇಡಿಕೊಳ್ಳುತ್ತಿರುವುದು ಪಾಪ ಅವನಿಗೇನು ಗೊತ್ತು? ನಾಚಿಕೆಯಾಯಿತು. ಅವನೆದುರೇ ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕಾ, ಅವಂದೇನೂ ತಪ್ಪಿಲ್ಲ. ಓರೆ ಮಾಡಿಸಿದಾಂವ ನಾನ. ಯಾರೂ ಕುಂಡ್ರಬಾರ್ದಂತ."

ಗೌಂಡಿ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

"ಕೆಲಸ ಅವಗ ಕೊಡ್ತೀನಿ" ಎಂದಳು ಅಕ್ಕ. "ನಮ್ಮನಿ ಕಟ್ಟಿ ಅಗಲ ಮಾಡಂತ ಹೇಳು. ನೀ ಬಂದಾಗ ಕುಂಡ್ರಾಕ ಬೇಕಲ್ಲ."