ಚುಕ್ಕೆಯ ಹಿಂದಿನ ಹೆಸರು

ಈ ಮೂಲಕ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಎರಡು ಸಾವಿರದ ನಾಲ್ಕರಲ್ಲಿ ನಾನು ಬೇವೂರಿನಿಂದ ಭಾಗ್ಯನಗರದ ಒಂದು ಕಂಪ್ಯೂಟರ್ ತರಗತಿಗೆ ಬಂದು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೆನು. ಮೌಖಿಕ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅಲ್ಲಿಯೇ ಸಹಾಯಕಿಯ ಕೆಲಸ ಕೊಡುವುದಾಗಿ ಮಾಸ್ತರರು ತಿಳಿಸಿದ್ದರು. ಕಳೆ ಕೀಳುವುದರ ಹೊರತು ಬೇರೊಂದು ಕೆಲಸ ಕಾಣದ ನನಗೆ ಅದು ಅತ್ಯವಶ್ಯವಾಗಿತ್ತು.

ಮಾಸ್ತರರು ಕನ್ನಡದಲ್ಲಿ ವಿವರಣೆಯ ಹಾಳೆಯೊಂದನ್ನು ಸಿದ್ಧಪಡಿಸಿದ್ದರು. ಪ್ರೋಗ್ರಾಮಿನೊಳಗೆ ಹೆಸರಿಟ್ಟು ಸೃಷ್ಟಿಸುವ ವಸ್ತುವೇ ಆಬ್ಜೆಕ್ಟ್; ಅದರಿಂದ ಮಾಡಿಸುವ ಕೆಲಸವೇ ಮೆಥಡ್. ಅದನ್ನು ಕರೆಯಲು ಮೊದಲು ಆಬ್ಜೆಕ್ಟಿನ ಹೆಸರು, ಬಳಿಕ ಚುಕ್ಕೆ, ಬಳಿಕ ಮೆಥಡ್. ‘ಹೆಸರಿಲ್ಲದೆ ಎಂದಿಗೂ ಕರೆಯತಕ್ಕದ್ದಲ್ಲ’ ಎಂಬುದರ ಕೆಳಗೆ ಗೆರೆ ಎಳೆದಿತ್ತು. ನೆನಪಿನಲ್ಲಿ ಉಳಿಯಲೆಂದು ಆಬ್ಜೆಕ್ಟಿಗೆ ಮನೆಯ ಯಜಮಾನನ ಹೆಸರಿಡಲು ಸೂಚಿಸಿದ್ದರು. ನಾನು ಗಂಡನ ಹೆಸರು, ಚುಕ್ಕೆ, ‘ಊಟಮಾಡು’ ಎಂಬ ಮೆಥಡ್, ಹೀಗೆ ಒಂದು ಸಾಲನ್ನು ಟೈಪ್ ಮಾಡಿದೆನು. ನಮ್ಮಲ್ಲಿ ಹೆಂಡತಿಯಾದವಳು ಆ ಹೆಸರನ್ನು ಬರೆಯಬಹುದು, ಬಾಯಿಬಿಟ್ಟು ಹೇಳುವಂತಿಲ್ಲ.

ಪರೀಕ್ಷೆಯ ದಿನ ಜೊತೆಗೆ ಬಂದಿದ್ದ ಅತ್ತೆ ಬಾಗಿಲ ಬಳಿ ಕುಳಿತಿದ್ದರು. ನಾನು ಸಾಲನ್ನು ಗಟ್ಟಿಯಾಗಿ ಓದಿದೆನು: “ನಮ್ಮ ಮನಿಯವರು, ಚುಕ್ಕಿ, ಊಟಮಾಡು.”

“ಹಂಗ ಎಲ್ಲಿ ಐತವ್ವಾ? ಇದ್ದದ್ದ ಓದು,” ಎಂದರು ಮಾಸ್ತರರು.

“ಹೆಸರ ಬಿಟ್ಟು ಕರದ್ರ ನಡ್ಯಾಂಗಿಲ್ಲೇನ್ರಿ ಸರ?”

“ಗಂಡನ್ನ ಬಿಟ್ರ ನಿಂದು ನಡೀತೈತೇನು?”

ಹುಡುಗರು ಬೆಂಚು ಬಡಿದು ನಕ್ಕರು.

“ಓದಿದ್ರ ಪಾಸು. ಇಲ್ಲಾ, ಎದ್ದ ಹೋಗು.”

ಓದಿದೆನು. ಪಾಸು ಎಂದರು.

ಹೊರಗೆ ಬಂದೊಡನೆ ಅತ್ತೆ, “ಅಷ್ಟ ಮಂದಿ ಮುಂದ ನನ್ನ ಮಗನ್ನ ಆಳ ಕರದಂಗ ಕರದಿ. ಇನ್ನ ಈ ಹೊಸ್ತಲಾ ತುಳದ್ರ ನಮ್ಮ ಹೊಸ್ತಲಾ ತುಳೀಬ್ಯಾಡ,” ಎಂದರು. ಮನೆಯಲ್ಲಿ ಗಂಡನೂ ಅದನ್ನೇ ಅನುಮೋದಿಸಿದರು. ನಾನು ಮರಳಿ ಕಳೆ ಕೀಳಲು ಹೋದೆನು.

ಮರುವರ್ಷ ನೆರೆಮನೆಯ ಹುಡುಗಿ ಅದೇ ತರಗತಿಗೆ ಸೇರಿ, ತನ್ನ ಹಾಳೆಯನ್ನು ನಮ್ಮ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು. ಅದರಲ್ಲೊಂದು ಹೊಸ ಸಾಲು ಸೇರಿತ್ತು: ‘ಸ್ಪಷ್ಟೀಕರಣ: ಒಂದು ಆಬ್ಜೆಕ್ಟ್ ತನ್ನದೇ ಮೆಥಡನ್ನು ಒಳಗಿನಿಂದ ಕರೆಯುವಾಗ ಹೆಸರು ಬೇಕಾಗಿಲ್ಲ.’ ಉದಾಹರಣೆಗೆಂದು ಮಾಸ್ತರರು ನನ್ನ ಗಂಡನ ಹೆಸರನ್ನೇ ಇಟ್ಟಿದ್ದರು.

“ಇದ ಬಂದ ಕೂಡ್ಲೆ ಸರ ಭಾಳ ನಗತಾರಕ್ಕಾ,” ಎಂದಳು ಹುಡುಗಿ.

ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿ, “ಅಂದ್ರ ಹೆಸರ ಹೇಳದನೂ ನಡೀತಿತ್ತ? ಅವತ್ತ ಒಂದ ಮಾತ ಕೇಳಾಕ ನಿನ್ನ ಬಾಯಿಗೆ ಏನಾಗಿತ್ತ?” ಎಂದರು.

ನಾನು ಕೇಳಿದ್ದೆನು. ಬಾಗಿಲ ಬಳಿ ಕುಳಿತಿದ್ದ ಅವರಿಗೂ ಅದು ಕೇಳಿಸಿತ್ತು.